ಕಾಸರಗೋಡಿನಲ್ಲಿದ್ದುಕೊಂಡೇ ವೈಫೈ ಸರ್ಟಿಫಿಕೇಷನ್: ಏನು ಓದಬೇಕು, ಯಾವ ಟೂಲ್ ಇಟ್ಟುಕೊಳ್ಳಬೇಕು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ ಕಡೆಯ ಹುಡುಗ ಹುಡುಗಿಯರು ಡಿಪ್ಲೊಮಾನೋ ಬಿಸಿಎನೋ ಮುಗಿಸಿ ನೆಟ್‌ವರ್ಕಿಂಗ್ ಕಡೆ ಹೊರಟಾಗ ಎರಡು ಪ್ರಶ್ನೆ ಕೇಳುತ್ತಾರೆ. ವೈಫೈಗೆ ಯಾವ ಪರೀಕ್ಷೆ ಕಟ್ಟಲಿ? ಅದಕ್ಕೆ ಯಾವ ಸಾಫ್ಟ್‌ವೇರ್, ಯಾವ ಉಪಕರಣ ಕೊಳ್ಳಲಿ? ಎರಡನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಶುರುವಿಗೆ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ಬಿಟ್ಟರೆ ಏನೂ ಕೊಳ್ಳಬೇಡಿ. ದಪ್ಪ ಕೆಂಪುಕಲ್ಲಿನ ಗೋಡೆ, ಮನೆ ಹಿಂದೆ ಅಡಿಕೆ ತೋಟ, ತೋಟದ ಆಚೆ ಪಂಪ್ ಶೆಡ್. ವೈಫೈ ಎಲ್ಲೆಲ್ಲಿ ಸೋಲುತ್ತದೋ ಅದೆಲ್ಲ ನಮ್ಮ ಮನೆ ಸುತ್ತಲೇ ಇದೆ. ಅದನ್ನು ಅಳೆಯಲು ಕಲಿತರೆ ಪರೀಕ್ಷೆಯ ಪಠ್ಯದ ದೊಡ್ಡ ಭಾಗ ತಾನಾಗಿ ಅರ್ಥವಾಗುತ್ತದೆ.

ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಅವರೇ ಮರೆತಿರುತ್ತಾರೆ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್ ಮೇಲೆ. ಅದನ್ನು ನೋಡಿಕೊಳ್ಳುವ ಸರ್ಕಾರದ ಕೈಟ್ ಸಂಸ್ಥೆಯ ಪುಸ್ತಕಗಳು ಕನ್ನಡ ಮಾಧ್ಯಮಕ್ಕೂ ಬರುತ್ತವೆ. ವೈಫೈ ವಿಶ್ಲೇಷಣೆಯ ಉಚಿತ ಟೂಲ್‌ಗಳು ಚೆನ್ನಾಗಿ ಓಡುವುದೂ ಲಿನಕ್ಸ್‌ನಲ್ಲೇ. ಎಂಟನೇ ಕ್ಲಾಸಿನಲ್ಲಿ ಟರ್ಮಿನಲ್ ತೆರೆದು ನೋಡಿದವರಿಗೆ ಇಲ್ಲಿ ಹೆದರಿಕೆ ಬೇಡ.

ಹಂತ 1: ಪರೀಕ್ಷೆ ಆರಿಸಿಕೊಳ್ಳುವುದು

ವೈಫೈಗೆಂದೇ ಇರುವ, ಯಾವ ಕಂಪನಿಯ ಉಪಕರಣಕ್ಕೂ ಕಟ್ಟುಬೀಳದ ಪರೀಕ್ಷೆ ಬೇಕಾದರೆ ಅದು ಸಿಡಬ್ಲ್ಯೂಎನ್‌ಪಿ ಸಂಸ್ಥೆಯ ಸಿಡಬ್ಲ್ಯೂಎನ್‌ಎ. 90 ನಿಮಿಷದಲ್ಲಿ 60 ಪ್ರಶ್ನೆ, ಪಾಸಾಗಲು 70 ಶೇಕಡಾ, ಮಾನ್ಯತೆ 3 ವರ್ಷ. ಅದರ ಮೇಲೆ ಮೂರು ದಾರಿಗಳಿವೆ: ಭದ್ರತೆಗೆ ಸಿಡಬ್ಲ್ಯೂಎಸ್‌ಪಿ, ವಿನ್ಯಾಸಕ್ಕೆ ಸಿಡಬ್ಲ್ಯೂಡಿಪಿ, ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹೋಗುವ ಡೇಟಾದ ತುಂಡು) ವಿಶ್ಲೇಷಣೆಗೆ ಸಿಡಬ್ಲ್ಯೂಎಪಿ. ಈ ಮೂರನ್ನೂ ಮುಗಿಸಿ, ಕೆಲಸದ ಅನುಭವವನ್ನೂ ತೋರಿಸಿದವರಿಗೆ ಸಿಡಬ್ಲ್ಯೂಎನ್‌ಇ ಸಿಗುತ್ತದೆ. ಅದು ಬಹಳ ದೂರದ ಮಾತು, ಈಗಲೇ ತಲೆಗೆ ಹಾಕಿಕೊಳ್ಳಬೇಡಿ.

ಆದರೆ ಮೊದಲ ಕೆಲಸ ಹುಡುಕುತ್ತಿರುವವರಿಗೆ ನನ್ನ ಸಲಹೆ ಬೇರೆ. ಮೊದಲು ಸಿಸ್ಕೊ ಕಂಪನಿಯ ಸಿಸಿಎನ್‌ಎ ಎಂಬ ನೆಟ್‌ವರ್ಕಿಂಗ್ ಪರೀಕ್ಷೆ ಮಾಡಿ. ಮಂಗಳೂರು, ಬೆಂಗಳೂರು, ಕೊಚ್ಚಿ, ಗಲ್ಫ್, ಎಲ್ಲಿಯ ಜಾಹೀರಾತು ನೋಡಿದರೂ ಕಾಣುವ ಹೆಸರು ಅದು. ಐಪಿ ವಿಳಾಸ, ಸಬ್‌ನೆಟ್, ವಿಲ್ಯಾನ್, ಡಿಎಚ್‌ಸಿಪಿ (ಸೇರಿದ ಉಪಕರಣಕ್ಕೆ ಐಪಿ ವಿಳಾಸ ಕೊಡುವ ವ್ಯವಸ್ಥೆ) ಗೊತ್ತಿಲ್ಲದೆ ವೈಫೈ ಒಂದನ್ನೇ ಕಲಿತರೆ ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತೀರಿ. ವೈಫೈ ಸರಿಯಿಲ್ಲ ಎಂದು ಬರುವ ಎಷ್ಟೋ ದೂರುಗಳು ಕೊನೆಗೆ ಡಿಎಚ್‌ಸಿಪಿ ತೊಂದರೆಯೇ ಆಗಿರುತ್ತವೆ. ಸಿಸಿಎನ್‌ಎ ತುಂಬಾ ದೊಡ್ಡದಾಯಿತು ಅನಿಸಿದರೆ ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಪರೀಕ್ಷೆಯಿಂದ ಶುರು ಮಾಡಬಹುದು. ಕೆಲಸದಲ್ಲಿರುವವರು, ರೂಟರ್ ಸ್ವಿಚ್ ಕೈಯಲ್ಲಿ ಹಿಡಿದವರು ನೇರ ಸಿಡಬ್ಲ್ಯೂಎನ್‌ಎಗೆ ಹೋಗಿ.

ಇಲ್ಲೊಂದು ಎಚ್ಚರಿಕೆ. ಸಿಸಿಎನ್‌ಎ ವೈರ್‌ಲೆಸ್ ಎಂಬ ಪ್ರತ್ಯೇಕ ಸರ್ಟಿಫಿಕೇಟ್ 2020ರ ಫೆಬ್ರವರಿಯಲ್ಲೇ ನಿಂತಿತು. ಅದರ ಹಳೇ ಪುಸ್ತಕ, ಹಳೇ ವಿಡಿಯೊ ಇನ್ನೂ ಮಾರಾಟಕ್ಕೆ ಸಿಗುತ್ತವೆ. ದುಡ್ಡು ಕೊಡುವ ಮುಂಚೆ ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಈಗ ನಡೆಯುತ್ತಿರುವ ಪರೀಕ್ಷೆಯ ಸಂಖ್ಯೆ ನೋಡಿ, ಆ ಸಂಖ್ಯೆಯ ಪುಸ್ತಕವನ್ನೇ ತಗೊಳ್ಳಿ. ಪಠ್ಯದ ವಿಷಯಪಟ್ಟಿ ಉಚಿತವಾಗಿ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ, ಕಲಿತದ್ದಕ್ಕೆ ಗೀಟು ಹಾಕುತ್ತಾ ಹೋಗಿ.

ಹಂತ 2: ಡಿಬಿ ಲೆಕ್ಕ, ಅಂಗಳದಲ್ಲಿ

ಪುಸ್ತಕ ಹಿಡಿದ ಹೆಚ್ಚಿನವರು ಮೊದಲ ವಾರದಲ್ಲೇ ಬಿಟ್ಟುಬಿಡುವ ಜಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಡಿಬಿ, ಅಂದರೆ ಡೆಸಿಬೆಲ್, ಶಕ್ತಿ ಎಷ್ಟು ಪಟ್ಟು ಏರಿತು ಇಳಿಯಿತು ಎಂದು ಹೇಳುವ ಅಳತೆ. ಡಿಬಿಎಂ ಅದೇ ಶಕ್ತಿಯನ್ನು 1 ಮಿಲಿವ್ಯಾಟ್‌ಗೆ ಹೋಲಿಸಿ ಹೇಳುತ್ತದೆ. 0 ಡಿಬಿಎಂ ಅಂದರೆ 1 ಮಿಲಿವ್ಯಾಟ್. 3 ಡಿಬಿ ಕೂಡಿಸಿದರೆ ಶಕ್ತಿ ದುಪ್ಪಟ್ಟು, ಕಳೆದರೆ ಅರ್ಧ. 10 ಡಿಬಿ ಕೂಡಿಸಿದರೆ ಹತ್ತು ಪಟ್ಟು, ಕಳೆದರೆ ಹತ್ತನೇ ಒಂದು ಪಾಲು. ಇಷ್ಟೇ ಬಾಯಿಪಾಠ. 100 ಮಿಲಿವ್ಯಾಟ್ ಅಂದರೆ 20 ಡಿಬಿಎಂ, 200 ಅಂದರೆ 23, 50 ಅಂದರೆ 17. ವೈಫೈ ಮೇಲೆ ಫೋನ್ ಕರೆ ಸರಾಗ ಹೋಗಬೇಕಾದರೆ ಸಿಗ್ನಲ್ ಮೈನಸ್ 67 ಡಿಬಿಎಂಗಿಂತ ಕೆಳಗೆ ಇಳಿಯಬಾರದು ಎನ್ನುವುದು ಈ ಕ್ಷೇತ್ರದ ರೂಢಿ. ಮೈನಸ್ 67 ಅಂದರೆ ಎಷ್ಟು? ಮೈನಸ್ 70 ಅಂದರೆ ಮಿಲಿವ್ಯಾಟ್‌ನ ಕೋಟಿಯಲ್ಲಿ ಒಂದು ಪಾಲು. ಅದಕ್ಕೆ 3 ಕೂಡಿಸಿ, ದುಪ್ಪಟ್ಟಾಯಿತು. ಅಂದರೆ ಐವತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಸಣ್ಣ ಶಕ್ತಿಯಲ್ಲಿ ನಿಮ್ಮ ವಿಡಿಯೊ ಕರೆ ನಡೆಯುತ್ತದೆ!

ಈಗ ದೂರದ ಲೆಕ್ಕ. 2.4 ಗಿಗಾಹರ್ಟ್ಸ್‌ನಲ್ಲಿ ಬಯಲಲ್ಲಿ ಮೊದಲ ಒಂದು ಮೀಟರಿನಲ್ಲೇ ಸುಮಾರು 40 ಡಿಬಿ ಹೋಗುತ್ತದೆ. ಅಲ್ಲಿಂದ ದೂರ ಹತ್ತು ಪಟ್ಟಾದಾಗೆಲ್ಲ ಇನ್ನೊಂದು 20, ದುಪ್ಪಟ್ಟಾದರೆ 6. 5 ಗಿಗಾಹರ್ಟ್ಸ್‌ನಲ್ಲಿ ಮೊದಲ ಮೀಟರಿಗೆ ಸುಮಾರು 47. ರೂಟರ್ 20 ಡಿಬಿಎಂ ಕಳಿಸಿದರೆ, ಆಂಟೆನಾ ಲೆಕ್ಕ ಬಿಟ್ಟು, ಹತ್ತು ಮೀಟರ್ ದೂರದಲ್ಲಿ 2.4ರಲ್ಲಿ ಸಿಗಬೇಕಾದದ್ದು ಮೈನಸ್ 40ರ ಸುಮಾರು.

ಓದಿದ್ದನ್ನು ಅಳೆದು ನೋಡಿ. ರೂಟರನ್ನು ಜಗಲಿಯಲ್ಲಿ ಇಡಿ. ಅಂಗಳದಲ್ಲಿ ಟೇಪು ಹಿಡಿದು ಹತ್ತು ಮೀಟರ್ ಅಳೆದು ನಿಲ್ಲಿ. ಫೋನಿನ ಸ್ಕ್ಯಾನರ್ ಆ್ಯಪ್ (ಹಂತ 4 ನೋಡಿ) ತೋರಿಸುವ ಸಿಗ್ನಲ್ ಅಳತೆಯನ್ನು ಐದಾರು ಸಲ ಬರೆದುಕೊಂಡು ಸರಾಸರಿ ತೆಗೆಯಿರಿ. ಆಮೇಲೆ ರೂಟರಿನಿಂದ ಅಷ್ಟೇ ದೂರಕ್ಕೆ, ಆದರೆ ನಡುವೆ ಒಂದು ಕೆಂಪುಕಲ್ಲಿನ ಗೋಡೆ ಬರುವ ಹಾಗೆ ನಿಲ್ಲಿ. ಎರಡರ ವ್ಯತ್ಯಾಸವೇ ನಿಮ್ಮ ಗೋಡೆ ತಿನ್ನುವ ಡಿಬಿ. ಫೋನ್ ಹಿಡಿಯುವ ಎತ್ತರ, ತಿರುಗಿ ನಿಲ್ಲುವ ದಿಕ್ಕು ಎರಡು ಸಲವೂ ಒಂದೇ ಇರಲಿ, ಯಾಕೆಂದರೆ ನಮ್ಮ ಮೈಯೂ ಸಿಗ್ನಲ್ ತಡೆಯುತ್ತದೆ. 5 ಗಿಗಾಹರ್ಟ್ಸ್‌ನಲ್ಲೂ ಇದನ್ನೇ ಮಾಡಿ. ಪುಸ್ತಕದಲ್ಲಿ ಇರುವುದು ಇಟ್ಟಿಗೆ, ಕಾಂಕ್ರೀಟ್, ಜಿಪ್ಸಮ್ ಬೋರ್ಡಿನ ಅಂಕಿಗಳು. ನಮ್ಮ ಕೆಂಪುಕಲ್ಲಿನ ಗೋಡೆಯದ್ದು ನಿಮ್ಮ ನೋಟ್‌ಬುಕ್‌ನಲ್ಲೇ ಇರಬೇಕು. ಮಳೆಗಾಲದಲ್ಲಿ ಗೋಡೆ ನೀರು ಕುಡಿದ ಮೇಲೆ ಇನ್ನೊಂದು ಸಲ ಅಳೆಯಿರಿ.

ತೋಟದ ಲೆಕ್ಕ

ಮನೆಯಿಂದ ಪಂಪ್ ಶೆಡ್ಡಿಗೆ ವೈಫೈ ಒಯ್ಯಬೇಕು ಎಂಬ ಬೇಡಿಕೆ ನಮ್ಮ ಕಡೆ ಸಾಮಾನ್ಯ. ಪರೀಕ್ಷೆಯಲ್ಲಿ ಬರುವ ಫ್ರೆನೆಲ್ ವಲಯ ಕಲಿಯಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡು ಆಂಟೆನಾಗಳ ನಡುವೆ ಸಿಗ್ನಲ್ ದಾರದ ಹಾಗೆ ನೇರ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. ಈ ಉಬ್ಬೇ ಫ್ರೆನೆಲ್ ವಲಯ. ಆ ಉಬ್ಬಿನ ಅರ್ಧ ಅಗಲ ಎಷ್ಟು? ದೂರವನ್ನು ಕಿಲೋಮೀಟರಿನಲ್ಲಿ ತಗೊಂಡು ಗಿಗಾಹರ್ಟ್ಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, 8.66ರಿಂದ ಗುಣಿಸಿ. ಉತ್ತರ ಮೀಟರಿನಲ್ಲಿ ಬರುತ್ತದೆ. 200 ಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ 2.5 ಮೀಟರ್, 5 ಗಿಗಾಹರ್ಟ್ಸ್ ಬ್ಯಾಂಡಿನ ಮೇಲ್ಭಾಗವಾದ 5.8ರಲ್ಲಿ 1.6 ಮೀಟರ್. ಇದರಲ್ಲಿ 60 ಶೇಕಡಾ ಆದರೂ ಖಾಲಿ ಇರಬೇಕು ಎನ್ನುವುದು ನಿಯಮ. ಅಂದರೆ 2.4ಕ್ಕೆ 1.5 ಮೀಟರ್, 5.8ಕ್ಕೆ ಸುಮಾರು 1 ಮೀಟರ್.

ಈಗ ತೋಟಕ್ಕೆ ಬನ್ನಿ. ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ನಾವು ಒಂಬತ್ತಡಿ ಎನ್ನುತ್ತೇವೆ. ಎರಡು ಸಾಲಿನ ನಡುವೆ ಸರಿಯಾಗಿ ಮಧ್ಯದಲ್ಲಿ ಸಿಗ್ನಲ್ ಬಿಟ್ಟರೆ ಎಡಕ್ಕೂ ಬಲಕ್ಕೂ 1.35 ಮೀಟರ್. ಮರದ ದಪ್ಪ ಕಳೆದರೆ ಇನ್ನೂ ಸ್ವಲ್ಪ ಕಡಿಮೆ. 5.8ಕ್ಕೆ ಅದು ಸಾಕು, 2.4ಕ್ಕೆ ಸಾಲದು. ದೂರ ಹೋಗಲು 2.4 ಒಳ್ಳೆಯದು ಎಂದು ಎಲ್ಲರೂ ಹೇಳುವ ಮಾತು ಈ ಸಾಲಿನ ಮಧ್ಯೆ ತಿರುಗುಮುರುಗಾಗುತ್ತದೆ, ಅಲ್ವಾ? ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರೆ, ನಡುವೆ ಬಾಳೆಯೋ ಕೊಕ್ಕೊನೋ ಇದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ, 5.8ರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಬೇಸಿಗೆಯಲ್ಲಿ ಒಂದು ಸಲ, ಜೂನ್‌ನ ಮಳೆ ಹಿಡಿದ ಮೇಲೆ ಒಂದು ಸಲ ಅಳೆಯದೆ ಈ ಲಿಂಕ್ ಸರಿಯಾಯಿತು ಎನ್ನಬೇಡಿ. ಸಾಲು ಸೊಟ್ಟಗಿದ್ದರೆ ಸುಮ್ನೆ ಹಠ ಬೇಡ, ಫೈಬರ್ ಎಳೆಯಿರಿ.

ಹಂತ 3: ಚಾನಲ್ ಮತ್ತು ನಿಯಮ

ಇದು ಬೇಗ ಮುಗಿಯುತ್ತದೆ. 2.4ರಲ್ಲಿ ನಮ್ಮ ದೇಶದಲ್ಲಿ 13 ಚಾನಲ್ ಇದ್ದರೂ ಒಂದರ ಮೇಲೊಂದು ಬೀಳದ ಹಾಗೆ ಬಳಸುವುದು 1, 6, 11. 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಭಾರತ ಬಿಟ್ಟದ್ದು 2018ರಲ್ಲಿ. 6 ಗಿಗಾಹರ್ಟ್ಸ್‌ನ ಕೆಳಭಾಗಕ್ಕೆ 2025ರ ಮೇ ತಿಂಗಳಲ್ಲಿ ಕರಡು ನಿಯಮ ಬಂತು. ಉಪಕರಣ ಕೊಳ್ಳುವ ದಿನ ನಿಯಮ ಎಲ್ಲಿಗೆ ಬಂದಿದೆ ಎಂದು ನೋಡಿಕೊಂಡೇ ಕೊಳ್ಳಿ. ಪುಸ್ತಕಗಳಲ್ಲಿ ಅಮೆರಿಕದ ನಿಯಮಗಳೂ ಕಾಣುತ್ತವೆ, ಎರಡನ್ನೂ ಬೆರೆಸಿಕೊಳ್ಳಬೇಡಿ.

ವೈಫೈ ಮಾನದಂಡ 802.11ರ ಪೀಳಿಗೆಗಳು: 802.11ಎನ್ 2009, ಎಸಿ 2013, ಎಎಕ್ಸ್ 2021. ಇವೇ ವೈಫೈ 4, 5, 6. ಇಸವಿಗಿಂತ ಪ್ರತಿಯೊಂದೂ ಹೊಸದಾಗಿ ಏನು ತಂದಿತು ಎನ್ನುವುದು ಮುಖ್ಯ.

ಹಂತ 4: ಟೂಲ್ ಆರಿಸುವುದು

ವೈಫೈ ಟೂಲ್‌ಗಳು ನಾಲ್ಕು ಬಗೆ. ನಿಮ್ಮ ಪ್ರಶ್ನೆ ಯಾವುದು ಎಂದು ಗೊತ್ತಾದರೆ ಬಗೆ ತಾನಾಗಿ ಗೊತ್ತಾಗುತ್ತದೆ.

ಸುತ್ತ ಯಾವ ನೆಟ್‌ವರ್ಕ್‌ಗಳಿವೆ, ಯಾವ ಚಾನಲ್, ಎಷ್ಟು ಸಿಗ್ನಲ್ ಎನ್ನುವುದಕ್ಕೆ ಸ್ಕ್ಯಾನರ್ ಸಾಕು. ಆಂಡ್ರಾಯ್ಡ್‌ನಲ್ಲಿ ವೈಫೈ ಅನಲೈಸರ್ ಎಂಬ ಮುಕ್ತ ತಂತ್ರಾಂಶ ಇದೆ. ಆಂಡ್ರಾಯ್ಡ್ 9ರಿಂದ ಆ್ಯಪ್‌ಗಳಿಗೆ ಎರಡು ನಿಮಿಷಕ್ಕೆ ನಾಲ್ಕೇ ಸ್ಕ್ಯಾನ್ ಎಂಬ ಮಿತಿ ಬಂತು. ಅದಕ್ಕೇ ಅಂಕಿಗಳು ಅಲುಗದೆ ನಿಂತ ಹಾಗೆ ಕಾಣುತ್ತವೆ. ಆಂಡ್ರಾಯ್ಡ್ 10ರಿಂದ ಡೆವಲಪರ್ ಆಯ್ಕೆಗಳಲ್ಲಿ ಈ ಮಿತಿಯನ್ನು ತೆಗೆಯಬಹುದು. ಅಂಗಳದಲ್ಲಿ ಅಳೆಯುವ ಮುಂಚೆ ಇದನ್ನು ಮಾಡಿಕೊಳ್ಳಿ, ಇಲ್ಲದಿದ್ದರೆ ಹಳೇ ಅಂಕಿಯನ್ನೇ ಬರೆಯುತ್ತಾ ಕೂರುತ್ತೀರಿ. ಐಫೋನ್‌ನಲ್ಲಿ ಹೊರಗಿನ ಆ್ಯಪ್‌ಗಳಿಗೆ ಸ್ಕ್ಯಾನ್ ಮಾಡಲು ಬಿಡುವುದಿಲ್ಲ. ಆಪಲ್‌ನದ್ದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಬೇಕು.

ಸಿಗ್ನಲ್ ಚೆನ್ನಾಗಿದೆ, ಆದರೂ ಫೋನ್ ಸೇರುತ್ತಿಲ್ಲ, ಯಾಕೆ? ಇದಕ್ಕೆ ಸ್ಕ್ಯಾನರ್ ಉತ್ತರ ಕೊಡುವುದಿಲ್ಲ. ಪ್ಯಾಕೆಟ್ ಹಿಡಿಯಬೇಕು. ಅದಕ್ಕೆ ವೈರ್‌ಶಾರ್ಕ್. ಉಚಿತ, 1998ರಿಂದ ಇದೆ, ಜಗತ್ತೆಲ್ಲ ಬಳಸುತ್ತದೆ. ಲಿನಕ್ಸ್‌ನಲ್ಲಿ ಕಿಸ್ಮೆಟ್ ಕೂಡ ಒಳ್ಳೆಯದು.

ವೈಫೈ ಅಲ್ಲದ ಯಾವುದೋ ಗದ್ದಲ ಮಾಡುತ್ತಿದೆ ಅನಿಸಿದರೆ ಸ್ಪೆಕ್ಟ್ರಮ್ ಅನಲೈಸರ್ ಬೇಕು. ಮೈಕ್ರೋವೇವ್ ಓವನ್, ಹಳೇ ವೈರ್‌ಲೆಸ್ ಕ್ಯಾಮೆರಾ ಇತ್ಯಾದಿ ವೈಫೈ ಕಾರ್ಡಿಗೆ ಕಾಣುವುದಿಲ್ಲ. ದೊಡ್ಡ ಕಟ್ಟಡದ ನಕ್ಷೆ ಹಾಕಿ ಎಲ್ಲಿ ಎಷ್ಟು ಸಿಗ್ನಲ್ ಎಂದು ಬಣ್ಣದಲ್ಲಿ ತೋರಿಸಲು ಎಕಹಾವ್, ಹಮೀನಾ, ಏರ್‌ಮ್ಯಾಗ್ನೆಟ್‌ನಂಥ ಸರ್ವೆ ಟೂಲ್‌ಗಳಿವೆ. ಈ ಎರಡು ಬಗೆಯನ್ನು ಸ್ವಂತ ದುಡ್ಡಿನಿಂದ ಕೊಳ್ಳಬೇಡಿ. ಬೆಲೆ ಜಾಸ್ತಿ, ಕೆಲಸ ಕೊಟ್ಟ ಕಂಪನಿ ಕೊಡಿಸುತ್ತದೆ. ಪರೀಕ್ಷೆಗೆ ಅವು ಏನು ಮಾಡುತ್ತವೆ ಎಂದು ತಿಳಿದಿದ್ದರೆ ಸಾಕು.

ವೇಗ ಅಳೆಯಲು ಐಪರ್ಫ್ 3 ಇರಲಿ. ಇಂಟರ್ನೆಟ್ ಸ್ಪೀಡ್ ಟೆಸ್ಟ್ ಹೊರಗಿನ ಲೈನನ್ನೂ ಸೇರಿಸಿ ಅಳೆಯುತ್ತದೆ. ಐಪರ್ಫ್ ಮನೆಯೊಳಗಿನ ವೈಫೈಯನ್ನು ಮಾತ್ರ ಅಳೆಯುತ್ತದೆ. ತಪ್ಪು ವೈಫೈಯದ್ದೋ ಕೇಬಲ್‌ನವರ ಲೈನಿನದ್ದೋ ಎಂಬ ಜಗಳ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಅಡಾಪ್ಟರ್ ವಿಷಯ. ಮಾನಿಟರ್ ಮೋಡ್, ಅಂದರೆ ಚಾನಲ್‌ನಲ್ಲಿ ಹೋಗುವ ಎಲ್ಲ ವೈಫೈ ಸಂದೇಶಗಳನ್ನೂ ಕೇಳಿಸಿಕೊಳ್ಳುವ ಸೌಲಭ್ಯ, ಬೇಕೇ ಬೇಕು. ಅದಿಲ್ಲದೆ ವೈರ್‌ಶಾರ್ಕ್ ತೆರೆದರೆ ವೈಫೈ ಫ್ರೇಮ್‌ಗಳು (ಗಾಳಿಯಲ್ಲಿ ಹೋಗುವ ಒಂದೊಂದು ವೈಫೈ ಸಂದೇಶ) ಕಾಣುವುದಿಲ್ಲ, ಈಥರ್ನೆಟ್ ವೇಷ ಹಾಕಿದ ಡೇಟಾ ಮಾತ್ರ ಕಾಣುತ್ತದೆ. ಡಬ್ಬಿಯ ಮೇಲಿನ ಬ್ರ್ಯಾಂಡ್ ನೋಡಬೇಡಿ, ಒಳಗಿನ ಚಿಪ್ ನೋಡಿ. ಮೀಡಿಯಾಟೆಕ್‌ನ ಎಂಟಿ7612ಯು, ಎಂಟಿ7921ಎಯು ಚಿಪ್‌ಗಳ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಮೊದಲನೆಯದು ವೈಫೈ 5, ಎರಡನೆಯದು ವೈಫೈ 6. ವೈಫೈ 5ರ ಅಡಾಪ್ಟರ್ ವೈಫೈ 6ರ ಡೇಟಾ ಫ್ರೇಮ್‌ಗಳನ್ನು ಓದಲಾರದು, ಹಾಗಾಗಿ ಆದರೆ ಎರಡನೆಯದನ್ನೇ ತಗೊಳ್ಳಿ. ಆಪಲ್‌ನ ಮ್ಯಾಕ್ ಕಂಪ್ಯೂಟರ್ ಇರುವವರಿಗೆ ಅಡಾಪ್ಟರೇ ಬೇಡ. ಅದರ ವೈರ್‌ಲೆಸ್ ಡಯಾಗ್ನಾಸ್ಟಿಕ್ಸ್ ಒಳಗೆ ಪ್ಯಾಕೆಟ್ ಹಿಡಿಯುವ ಸ್ನಿಫರ್ ಇದೆ.

ಹಂತ 5: ಒಂದು ಫೋನ್ ಸೇರುವುದನ್ನು ಹಿಡಿಯಿರಿ

ಇದೊಂದು ಅಭ್ಯಾಸವನ್ನು ಚೆನ್ನಾಗಿ ಮಾಡಿದರೆ ಫ್ರೇಮ್, ಭದ್ರತೆ, ದೋಷ ಹುಡುಕುವುದು ಮೂರೂ ಒಟ್ಟಿಗೆ ಬರುತ್ತವೆ.

1. ನಿಮ್ಮದೇ ರೂಟರ್, ನಿಮ್ಮದೇ ಫೋನ್ ಇಟ್ಟುಕೊಳ್ಳಿ. ರೂಟರಿನ ಚಾನಲನ್ನು ಆಟೋದಿಂದ ತೆಗೆದು 6ಕ್ಕೆ ಕಟ್ಟಿ. ಭದ್ರತೆ ಡಬ್ಲ್ಯೂಪಿಎ2 ಇರಲಿ.

2. ಆ ನೆಟ್‌ವರ್ಕ್ ಮಟ್ಟಿಗೆ ಫೋನಿನ ರ್‍ಯಾಂಡಮ್ ಮ್ಯಾಕ್ ವಿಳಾಸ (ಉಪಕರಣವನ್ನು ಗುರುತಿಸುವ ಸಂಖ್ಯೆಯನ್ನು ಬದಲಿಸಿ ತೋರಿಸುವುದು) ಆಫ್ ಮಾಡಿ. ಇಲ್ಲದಿದ್ದರೆ ನಿಮ್ಮ ಫೋನ್ ಯಾವುದೆಂದೇ ತಿಳಿಯದು.

3. ಅಡಾಪ್ಟರನ್ನು ಮಾನಿಟರ್ ಮೋಡ್‌ಗೆ ಹಾಕಿ, ಅದೇ ಚಾನಲ್ 6ಕ್ಕೆ ನಿಲ್ಲಿಸಿ. ಅಡಾಪ್ಟರ್ ಒಂದು ಸಲಕ್ಕೆ ಒಂದೇ ಚಾನಲ್ ಕೇಳುತ್ತದೆ. ಚಾನಲ್ ಬದಲಿಸುತ್ತಾ ಕೇಳಿದರೆ ಬೇಕಾದ ಫ್ರೇಮ್ ತಪ್ಪಿಹೋಗುತ್ತದೆ.

4. ಫೋನಿನ ಹತ್ತಿರವೇ ಕೂತು ಕ್ಯಾಪ್ಚರ್ ಶುರು ಮಾಡಿ. ಫೋನಿನ ವೈಫೈ ಆಫ್ ಮಾಡಿ ಮತ್ತೆ ಆನ್ ಮಾಡಿ.

5. ನಿಲ್ಲಿಸಿ, ಫೋನಿನ ಮ್ಯಾಕ್ ವಿಳಾಸಕ್ಕೆ ಫಿಲ್ಟರ್ ಹಾಕಿ ಓದಿ.

ಕಾಣುವ ಕ್ರಮ ಹೀಗೆ. ಫೋನ್ ಪ್ರೋಬ್ ಕಳಿಸಿ ಯಾರಿದ್ದೀರಿ ಎಂದು ಕೇಳುತ್ತದೆ, ರೂಟರ್ ಉತ್ತರಿಸುತ್ತದೆ. ಆಮೇಲೆ ಅಥೆಂಟಿಕೇಷನ್‌ನ ಎರಡು ಫ್ರೇಮ್, ನೆಟ್‌ವರ್ಕ್‌ಗೆ ಸೇರಿಸಿಕೊಳ್ಳುವ ಅಸೋಸಿಯೇಷನ್‌ನ ಎರಡು ಫ್ರೇಮ್, ಪಾಸ್‌ವರ್ಡ್ ತಾಳೆ ನೋಡುವ ಈಪೋಲ್‌ನ ನಾಲ್ಕು ಫ್ರೇಮ್. ನಂತರ ಡಿಎಚ್‌ಸಿಪಿ, ಆದರೆ ಅದು ಗೂಢಲಿಪಿಯಲ್ಲಿ ಹೋಗುವುದರಿಂದ ಬಿಡಿಸಿದರೆ ಮಾತ್ರ ಓದಬಹುದು. ಈ ನಡುವೆ ನಾನಿದ್ದೇನೆ ಎಂದು ರೂಟರ್ ಸಾರುವ ಬೀಕನ್ 102.4 ಮಿಲಿಸೆಕೆಂಡಿಗೊಮ್ಮೆ ಬರುತ್ತಲೇ ಇರುತ್ತದೆ. ಅದರ ಸಬ್‌ಟೈಪ್, ಅಂದರೆ ಫ್ರೇಮ್‌ನ ಬಗೆ ಹೇಳುವ ಸಂಖ್ಯೆ, 8, ಫಿಲ್ಟರ್ ಹಾಕಿ ಬದಿಗಿಡಬಹುದು.

ಈಗ ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟು ಇನ್ನೊಮ್ಮೆ ಹಿಡಿಯಿರಿ. ಅಸೋಸಿಯೇಷನ್ ತನಕ ಎಲ್ಲ ಸರಿಯಾಗೇ ಹೋಗುತ್ತದೆ. ಈಪೋಲ್‌ನ ಮೊದಲ ಎರಡು ಸಂದೇಶ ಮತ್ತೆ ಮತ್ತೆ ಬರುತ್ತವೆ, ಮೂರನೆಯದು ಬರುವುದೇ ಇಲ್ಲ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಪರೀಕ್ಷೆಯಲ್ಲೂ ಕೆಲಸದಲ್ಲೂ ಮರೆಯುವುದಿಲ್ಲ. ನಾಲ್ಕೂ ಬಂದು ಆಮೇಲೆ ನಿಂತರೆ ಪಾಸ್‌ವರ್ಡ್ ಸರಿಯಿದೆ, ಡಿಎಚ್‌ಸಿಪಿ ಕಡೆ ನೋಡಿ.

ಮೂರನೇ ಸಲ ರೂಟರನ್ನು ಡಬ್ಲ್ಯೂಪಿಎ3ಕ್ಕೆ ಬದಲಿಸಿ. ಅಥೆಂಟಿಕೇಷನ್ ಫ್ರೇಮ್ ಎರಡರ ಬದಲು ನಾಲ್ಕಾಗುತ್ತವೆ. ಡಬ್ಲ್ಯೂಪಿಎ2ರಲ್ಲಿ ಪಾಸ್‌ವರ್ಡ್ ಗೊತ್ತಿದ್ದು, ಆ ನಾಲ್ಕು ಈಪೋಲ್ ಸಂದೇಶ ಹಿಡಿದಿದ್ದರೆ ವೈರ್‌ಶಾರ್ಕ್ ಡೇಟಾವನ್ನು ಬಿಡಿಸಿ ತೋರಿಸುತ್ತದೆ. ಡಬ್ಲ್ಯೂಪಿಎ3ರಲ್ಲಿ ಪಾಸ್‌ವರ್ಡ್ ಒಂದರಿಂದ ಅದು ಆಗುವುದಿಲ್ಲ. ಯಾಕೆ ಎಂದು ಹುಡುಕಿ ಓದಿ, ಸಿಡಬ್ಲ್ಯೂಎಸ್‌ಪಿಗೆ ಅಲ್ಲಿಂದಲೇ ದಾರಿ.

ಕೊನೆಗೆ ರಿಟ್ರೈ, ಅಂದರೆ ತಲುಪದೆ ಮತ್ತೆ ಕಳಿಸಿದ, ಫ್ರೇಮ್‌ಗಳಿಗೆ ಫಿಲ್ಟರ್ ಹಾಕಿ. ಒಟ್ಟು ಫ್ರೇಮ್‌ಗಳಲ್ಲಿ 10 ಶೇಕಡಾ ದಾಟಿದರೆ ಎಲ್ಲೋ ತೊಂದರೆ ಇದೆ ಎಂದು ಅಂದಾಜು. ತೋಟದ ಮನೆಯಲ್ಲಿ ಒಮ್ಮೆ, ಕಾಸರಗೋಡು ಪೇಟೆಯ ಫ್ಲಾಟ್‌ನಲ್ಲಿರುವ ಸ್ನೇಹಿತರ ಮನೆಯಲ್ಲಿ ಅವರ ಒಪ್ಪಿಗೆ ತಗೊಂಡು ಒಮ್ಮೆ ಹಿಡಿದು ಹೋಲಿಸಿ. ಒಂದು ಕಡೆ ಗೋಡೆ ಮತ್ತು ದೂರದ ಕಷ್ಟ, ಇನ್ನೊಂದು ಕಡೆ ಒಂದೇ ಚಾನಲ್‌ಗೆ ನೂಕುನುಗ್ಗಲು. ಎರಡಕ್ಕೂ ಮದ್ದು ಬೇರೆ.

ಒಪ್ಪಿಗೆಯ ಮಾತನ್ನು ಗಟ್ಟಿಯಾಗಿ ಹೇಳಬೇಕು. ನೆರೆಮನೆಯ ಬೀಕನ್ ಕಣ್ಣಿಗೆ ಬಿದ್ದೇ ಬೀಳುತ್ತದೆ, ಅದು ಬೇರೆ. ಅವರ ಡೇಟಾ ಕೂಡಿಡುವುದು, ಪಾಸ್‌ವರ್ಡ್ ಮುರಿಯಲು ನೋಡುವುದು, ಅವರ ಫೋನನ್ನು ವೈಫೈನಿಂದ ಬೀಳಿಸುವುದು ತಮಾಷೆಯಲ್ಲ. ಪರರ ನೆಟ್‌ವರ್ಕ್‌ಗೆ ಅನುಮತಿ ಇಲ್ಲದೆ ಕೈ ಹಾಕಿದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ ಆಗಬಹುದು.

ಹಂತ 6: ಪರೀಕ್ಷೆಗೆ ಕೂರುವುದು

ಕೆಲಸದ ಜೊತೆ ಓದುವವರು ದಿನಕ್ಕೆ ಒಂದು ಗಂಟೆ ಇಟ್ಟರೆ ಸಿಡಬ್ಲ್ಯೂಎನ್‌ಎಗೆ ಮೂರ್ನಾಲ್ಕು ತಿಂಗಳು ಹಿಡಿಯಿರಿ. ಓದುವುದು ಇಂಗ್ಲಿಷಿನಲ್ಲೇ ಆಗಬೇಕು, ಪ್ರಶ್ನೆಯೂ ಅದರಲ್ಲೇ ಬರುತ್ತದೆ. ಆದರೆ ಓದಿದ್ದನ್ನು ಪಕ್ಕದವರಿಗೆ ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಿ ನೋಡಿ. ವಿವರಿಸಲು ಬಾರದ ಕಡೆಯೇ ನೀವು ಮತ್ತೆ ಓದಬೇಕಾದ ಕಡೆ. ಸೋರಿದ ಪ್ರಶ್ನೆಪತ್ರಿಕೆ ಎಂದು ಮಾರುವ ಡಂಪ್‌ಗಳನ್ನು ಮುಟ್ಟಬೇಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ಹೋಗುತ್ತದೆ, ಸಿಕ್ಕಿಬೀಳದಿದ್ದರೂ ಇಂಟರ್ವ್ಯೂನಲ್ಲಿ ಮೊದಲ ಐದು ನಿಮಿಷಕ್ಕೇ ಗೊತ್ತಾಗುತ್ತದೆ.

ಸಿಸಿಎನ್‌ಎಯನ್ನು ಪಿಯರ್ಸನ್ ವ್ಯೂ ಎಂಬ ಸಂಸ್ಥೆಯ ಪರೀಕ್ಷಾ ಕೇಂದ್ರದಲ್ಲಿ ಬರೆಯಬಹುದು, ಮನೆಯಿಂದ ಆನ್‌ಲೈನ್‌ನಲ್ಲೂ ಬರೆಯಬಹುದು. ಗುಡುಗು ಮಳೆಯ ತಿಂಗಳಲ್ಲಿ ಮನೆಯಿಂದ ಬರೆಯುವ ಯೋಚನೆ ಬಿಡಿ. ಕರೆಂಟು ಹೋದರೆ, ಲೈನ್ ಕಡಿದರೆ ಶುಲ್ಕವೂ ಹೋಗುವ ಭಯ. ಕೇಂದ್ರ ಎಲ್ಲಿದ್ದರೂ ಹಿಂದಿನ ದಿನವೇ ಆ ಊರು ಸೇರಿಕೊಳ್ಳಿ. ಗುರುತಿನ ಚೀಟಿಯಲ್ಲಿರುವ ಹೆಸರು, ಇನಿಷಿಯಲ್ ಸಮೇತ, ನೋಂದಣಿಯಲ್ಲಿ ಹಾಗೇ ಇರಲಿ. ನಮ್ಮ ಕಡೆ ಮನೆತನದ ಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದೆ ತೊಂದರೆ ಆಗುವುದುಂಟು.

ಬಯೋಡೇಟಾ ಜೊತೆ ಎರಡು ಪುಟದ ವರದಿ ಕೂಡ ಇಡಿ. ಮನೆಯ ಕೈನಕ್ಷೆ, ಪ್ರತಿ ಕೋಣೆಯ ಸಿಗ್ನಲ್, ಕೆಂಪುಕಲ್ಲಿನ ಗೋಡೆಯ ಡಿಬಿ ನಷ್ಟ ಎರಡೂ ಬ್ಯಾಂಡ್‌ನಲ್ಲಿ, ತಪ್ಪು ಪಾಸ್‌ವರ್ಡ್‌ನ ಕ್ಯಾಪ್ಚರ್ ಚಿತ್ರ, ಅದರ ಕೆಳಗೆ ನಿಮ್ಮ ವಿವರಣೆ ನಾಲ್ಕು ಸಾಲು. ಕಳಿಸುವ ಮುಂಚೆ ಮ್ಯಾಕ್ ವಿಳಾಸಗಳನ್ನೂ ನೆರೆಯವರ ನೆಟ್‌ವರ್ಕ್ ಹೆಸರುಗಳನ್ನೂ ಅಳಿಸಿ.